ಒಂದೇ ಮುಳ್ಳಿನ ಗಡಿಯಾರ: ಉಬ್ಬರವಿಳಿತವನ್ನು ಗೋಡೆಗೆ ತೂಗುಹಾಕುವ ಬಗೆ

ಭಾವ ಹಡಗಿನ ಕೆಲಸದಲ್ಲಿದ್ದಾಗ ಇಂಗ್ಲೆಂಡಿನಿಂದ ಒಂದು ಗೋಡೆ ಗಡಿಯಾರ ತಂದುಕೊಟ್ಟಿದ್ದರು. ಹಿತ್ತಾಳೆಯ ಅಂಚು, ಬಿಳಿ ಮುಖ, ಒಂದೇ ಮುಳ್ಳು. ಒಂದರಿಂದ ಹನ್ನೆರಡರವರೆಗಿನ ಅಂಕಿಗಳಿಲ್ಲ. ನೆತ್ತಿಯಲ್ಲಿ ‘ಹೈ ಟೈಡ್’, ಬುಡದಲ್ಲಿ ‘ಲೋ ಟೈಡ್’, ಎರಡೂ ಬದಿಗೆ 5, 4, 3, 2, 1. ಅಪ್ಪನಿಗೆ ಅದು ಮೊದಲ ದಿನದಿಂದಲೇ ಹಿಡಿಸಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ನಿನ್ನೆ ಒಂದು ಕಡೆ ಇದ್ದ ಮುಳ್ಳು ಇವತ್ತು ಇನ್ನೊಂದು ಕಡೆ. ‘ಇದು ಸ್ಲೋ ಇದೆ’ ಎಂದು ಪೇಟೆಯ ಗಡಿಯಾರ ರಿಪೇರಿಯವರ ಹತ್ತಿರ ಕೊಟ್ಟು ಬಂದರು. ಅವರೂ ನೋಡಿದರು. ದಿನಕ್ಕೆ ಹತ್ತಿರ ಹತ್ತಿರ ಐವತ್ತು ನಿಮಿಷ ಹಿಂದೆ ಬೀಳ್ತದೆ, ಮಷೀನು ಹೋಗಿದೆ ಎಂದರು. ಹಳೆಯದನ್ನು ಕಿತ್ತು ಹೊಸ ಮಷೀನು ಹಾಕಿಕೊಟ್ಟರು. ಅಂದಿನಿಂದ ಗಡಿಯಾರ ಸರಿಯಾಗಿ ಓಡಿತು. ಅಂದರೆ, ಕೆಟ್ಟುಹೋಯಿತು.

ಆ ಐವತ್ತು ನಿಮಿಷವೇ ಅದರ ಜೀವಾಳವಾಗಿತ್ತು. ಅದು ಹೊತ್ತು ತೋರಿಸುವ ಗಡಿಯಾರ ಅಲ್ಲ, ಕಡಲು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಹೇಳುವ ಗಡಿಯಾರ. ಮಾರುವವರು ‘ಟೈಡ್ ಕ್ಲಾಕ್’ ಎನ್ನುತ್ತಾರೆ. ನಾವು ಉಬ್ಬರದ ಗಡಿಯಾರ ಎನ್ನೋಣ. ಸಾದಾ ಗಡಿಯಾರದ ಗಂಟೆ ಮುಳ್ಳು 12 ಗಂಟೆಗೆ ಒಂದು ಸುತ್ತು ಬಂದರೆ, ಇದರ ಮುಳ್ಳು 12 ಗಂಟೆ 25 ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ವ್ಯತ್ಯಾಸ ಇಷ್ಟೇ.

ಈ 25 ನಿಮಿಷ ಎಲ್ಲಿಂದ ಬಂತು?

ಭೂಮಿ ತನ್ನ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಚಂದ್ರ ಸುಮ್ನೆ ನಿಂತಿರುವುದಿಲ್ಲ. ಅವನೂ ತನ್ನ ದಾರಿಯಲ್ಲಿ ಮುಂದೆ ಹೋಗಿರುತ್ತಾನೆ. ನಿನ್ನೆ ರಾತ್ರಿ ಎಂಟಕ್ಕೆ ನಿಮ್ಮ ಅಂಗಳದ ತೆಂಗಿನ ಮರದ ನೆತ್ತಿಯ ಮೇಲಿದ್ದ ಚಂದ್ರ ಇವತ್ತು ಅದೇ ಜಾಗಕ್ಕೆ ಬರುವುದು ಎಂಟು ಐವತ್ತಕ್ಕೆ. ಅಂದರೆ ಚಂದ್ರನ ಲೆಕ್ಕದ ದಿನ 24 ಗಂಟೆ 50 ನಿಮಿಷ. ನಮ್ಮ ಕಡೆ ಒಂದು ಚಂದ್ರದಿನದಲ್ಲಿ ಎರಡು ಉಬ್ಬರ, ಎರಡು ಇಳಿತ. 24 ಗಂಟೆ 50 ನಿಮಿಷದ ಅರ್ಧ, 12 ಗಂಟೆ 25 ನಿಮಿಷ.

ಇದನ್ನೇ ನಮ್ಮ ಹಳೆಯ ಲೆಕ್ಕದಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ಕೂರುತ್ತದೆ. ದಿನಕ್ಕೆ 60 ಘಳಿಗೆ. ಎರಡು ಘಳಿಗೆ ಸೇರಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ದಿನದಲ್ಲಿ ಮುಹೂರ್ತ 30, ಚಾಂದ್ರಮಾಸದಲ್ಲಿ ತಿಥಿ 30. ಒಂದು ತಿಂಗಳಲ್ಲಿ ಚಂದ್ರ ಸೂರ್ಯನಿಗಿಂತ ಪೂರಾ ಒಂದು ದಿನ ಹಿಂದೆ ಬೀಳುತ್ತಾನೆ. ಹಾಗಾದರೆ ಒಂದು ತಿಥಿಗೆ? ಸರಿಯಾಗಿ ಒಂದು ಮುಹೂರ್ತ. ತಿಥಿ ಒಂದು ಕಳೆದರೆ ಉಬ್ಬರ ಎರಡು ಘಳಿಗೆ ತಡ. ಐವತ್ತಕ್ಕೂ ನಲವತ್ತೆಂಟಕ್ಕೂ ಎರಡು ನಿಮಿಷದ ಕೊಸರು ಯಾಕೆ ಎಂದರೆ, ತಿಥಿ ನಮ್ಮ ದಿನಕ್ಕಿಂತ ತುಸು ಚಿಕ್ಕದು, ಜೊತೆಗೆ ಆ ನಲವತ್ತೆಂಟು ನಿಮಿಷ ಕಾಯುವಷ್ಟರಲ್ಲಿ ಚಂದ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿರುತ್ತಾನೆ. ಮನೆ ಮಟ್ಟದ ಲೆಕ್ಕಕ್ಕೆ ಇದು ಅಡ್ಡಿಯಿಲ್ಲ.

ಹಾಗಾಗಿ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇದ್ದವರ ಮನೆಯಲ್ಲಿ ಉಬ್ಬರದ ಗಡಿಯಾರ ಅರ್ಧ ಆಗಲೇ ಇದೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಚಂದ್ರ ಒಬ್ಬ, ಉಬ್ಬರ ಎರಡು

ದಿನಕ್ಕೆ ಒಂದು ಸಲ ನೆತ್ತಿಗೆ ಬರುವ ಚಂದ್ರ ಎರಡು ಸಲ ನೀರು ಏರಿಸುವುದು ಹೇಗೆ ಅಂತ ಅನ್ನಿಸಬಹುದು. ಚಂದ್ರನ ಸೆಳೆತ ಹತ್ತಿರ ಇದ್ದಷ್ಟೂ ಜಾಸ್ತಿ. ಚಂದ್ರನ ಕಡೆ ಮುಖ ಮಾಡಿದ ಕಡಲಿಗೆ ಅದು ಹೆಚ್ಚು, ಭೂಮಿಯ ನಡುವಿಗೆ ಅದಕ್ಕಿಂತ ಕಡಿಮೆ, ಆಚೆ ಬದಿಯ ಕಡಲಿಗೆ ಎಲ್ಲಕ್ಕಿಂತ ಕಡಿಮೆ. ಈಚೆಯ ನೀರು ಭೂಮಿಗಿಂತ ಮುಂದೆ ಎಳೆಸಿಕೊಳ್ಳುತ್ತದೆ, ಆಚೆಯ ನೀರು ಭೂಮಿಗಿಂತ ಹಿಂದೆ ಉಳಿಯುತ್ತದೆ. ಎರಡೂ ಕಡೆ ಉಬ್ಬು. ಭೂಮಿ ತಿರುಗುವಾಗ ನಾವು ಎರಡನ್ನೂ ಹಾದು ಹೋಗುತ್ತೇವೆ.

ಶಾಲೆಯ ಪುಸ್ತಕದ ಚಿತ್ರ ಇಲ್ಲಿಗೆ ನಿಲ್ಲುತ್ತದೆ. ಅದನ್ನೇ ನಂಬಿ ದಂಡೆಗೆ ಹೋದರೆ ಮೋಸ ಹೋಗುತ್ತೀರಿ. ಚಂದ್ರ ನೆತ್ತಿಯ ಮೇಲೆ ಬಂದ ಕ್ಷಣಕ್ಕೆ ನಿಮ್ಮೂರಲ್ಲಿ ಉಬ್ಬರ ಇರಲೇಬೇಕು ಅಂತೇನಿಲ್ಲ. ಕಡಲಿಗೆ ಅಡ್ಡವಾಗಿ ನೆಲ ಇದೆ, ಆಳ ಒಂದೇ ಸಮ ಇಲ್ಲ. ದೊಡ್ಡ ಹರಿವಾಣದಲ್ಲಿ ನೀರು ತುಂಬಿಕೊಂಡು ನಡೆದು ನೋಡಿ. ನಿಮ್ಮ ಹೆಜ್ಜೆಗೆ ತಕ್ಕಂತೆ ನೀರು ತುಯ್ಯುತ್ತದೆ, ಆದರೆ ಅಂಚಿಗೆ ಬಂದು ಬಡಿಯುವುದು ಹೆಜ್ಜೆ ಇಟ್ಟ ಕ್ಷಣಕ್ಕಲ್ಲ, ತುಸು ತಡೆದು. ಹರಿವಾಣದ ಅಗಲ, ನೀರಿನ ಆಳ ಎಷ್ಟೋ ಅದರ ಮೇಲೆ ಈ ತಡ. ಕಡಲೂ ಹಾಗೆಯೇ. ಹೆಜ್ಜೆ ಚಂದ್ರನದು, ತಡ ಆಯಾ ಊರಿನದು. ಒಳ್ಳೆಯ ಸಂಗತಿ ಎಂದರೆ, ಒಂದು ಊರಿನ ತಡ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಒಮ್ಮೆ ಕಂಡುಹಿಡಿದರೆ ಸಾಕು. ಉಬ್ಬರದ ಗಡಿಯಾರ ನಿಂತಿರುವುದೇ ಈ ಒಂದು ನಂಬಿಕೆಯ ಮೇಲೆ.

ಮುಖವನ್ನು ಓದುವುದು

ಓದುವುದು ಸುಲಭ. ಮುಳ್ಳು ನೆತ್ತಿಯಲ್ಲಿದ್ದರೆ ಪೂರ್ತಿ ಉಬ್ಬರ. ಬಲಕ್ಕೆ ಇಳಿಯುತ್ತಾ ಹೋದಂತೆ 5, 4, 3. ಅಷ್ಟು ಗಂಟೆ ಕಳೆದರೆ ಪೂರ್ತಿ ಇಳಿತ ಎಂದು ಅರ್ಥ. ಬುಡ ಮುಟ್ಟಿ ಎಡಕ್ಕೆ ಏರತೊಡಗಿದರೆ ಅದೇ ಅಂಕಿಗಳು ಉಬ್ಬರಕ್ಕೆ ಎಷ್ಟು ಗಂಟೆ ಬಾಕಿ ಎಂದು ಹೇಳುತ್ತವೆ.

ಆದರೆ ಮುಳ್ಳು ಒಂದೇ ವೇಗದಲ್ಲಿ ತಿರುಗುತ್ತದೆ, ನೀರು ಹಾಗಲ್ಲ. ಇದನ್ನು ಗೊತ್ತುಮಾಡಿಕೊಳ್ಳದಿದ್ದರೆ ಗಡಿಯಾರ ಇದ್ದೂ ಪ್ರಯೋಜನ ಕಡಿಮೆ. ಉಬ್ಬರದ ತುದಿಯಲ್ಲಿ ನೀರು ನಿಂತಂತೆ ಇರುತ್ತದೆ. ಆಮೇಲೆ ಮೆಲ್ಲಗೆ ಇಳಿಯತೊಡಗುತ್ತದೆ, ನಡುವೆ ಓಡುತ್ತದೆ, ಕೊನೆಗೆ ಮತ್ತೆ ಮೆಲ್ಲಗಾಗುತ್ತದೆ. ನಾವಿಕರು ಇದಕ್ಕೊಂದು ಬಾಯಿಲೆಕ್ಕ ಇಟ್ಟುಕೊಂಡಿದ್ದಾರೆ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಯಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಇವತ್ತು ಉಬ್ಬರಕ್ಕೂ ಇಳಿತಕ್ಕೂ 120 ಸೆಂಟಿಮೀಟರ್ ವ್ಯತ್ಯಾಸ ಇದೆ ಎಂದುಕೊಳ್ಳಿ. ಮೊದಲ ಗಂಟೆಯಲ್ಲಿ ಇಳಿಯುವುದು ಬರೀ 10 ಸೆಂಟಿಮೀಟರ್. ನಡುವಿನ ಎರಡು ಗಂಟೆಯಲ್ಲಿ 60. ಅಂದರೆ ಅರ್ಧ ನೀರು ಆ ಎರಡೇ ಗಂಟೆಯಲ್ಲಿ ಹೋಗಿಬಿಡುತ್ತದೆ.

ಮುಳ್ಳು 3ರ ಆಸುಪಾಸು ಇದ್ದಾಗ ಅಳಿವೆಯಲ್ಲಿ ಸೆಳೆತ ಜೋರು ಇರುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. ಸಣ್ಣ ದೋಣಿ ಇಳಿಸುವವರಿಗೆ, ಹೊಳೆಯಲ್ಲಿ ಈಜುವ ಮಕ್ಕಳಿರುವ ಮನೆಗೆ, ನೆತ್ತಿ-ಬುಡಗಳಿಗಿಂತ ಈ 3 ಮುಖ್ಯ.

ನಮ್ಮದು ಅಘನಾಶಿನಿ ಹೊಳೆ ಕಡಲು ಸೇರುವ ಸೀಮೆ. ಇಲ್ಲಿ ದಿನಚರಿ ನಡೆಯುವುದೇ ನೀರಿನ ಹೊತ್ತಿಗೆ. ಇಳಿತದಲ್ಲಿ ಮರಳು ದಿಬ್ಬ ಎದ್ದಾಗ ಹೆಂಗಸರು, ಗಂಡಸರು ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಇಳಿಯುತ್ತಾರೆ. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ಒಳಗೆ ಬಿಡುವುದು, ಹೊರಗೆ ಬಿಡುವುದು ಎರಡೂ ಉಬ್ಬರವಿಳಿತ ನೋಡಿಯೇ. ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ನೀರು ಬರುವುದೂ ಉಬ್ಬರದಿಂದಲೇ. ಇವರಲ್ಲಿ ಯಾರ ಮನೆಯಲ್ಲೂ ಉಬ್ಬರದ ಗಡಿಯಾರ ನಾನು ನೋಡಿಲ್ಲ. ಪಕ್ಕದ ಮನೆಯ ಅಜ್ಜಿ ನಮ್ಮ ಗಡಿಯಾರ ನೋಡಿ, ‘ಇದಕ್ಕೆ ತಿಥಿ ಗೊತ್ತಿದ್ಯಾ?’ ಎಂದು ಕೇಳಿದ್ದರು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಈ ವಿಷಯದಲ್ಲಿ ಕೇಳಿಲ್ಲ.

ಹೊಂದಿಸುವುದು: ಯಾವ ದಿನ, ಎಲ್ಲಿಯ ನೀರು

ಹಳೆಯ ಮಷೀನು ಕಳೆದುಹೋದ ಮೇಲೆ ನಾವು ಉಬ್ಬರದ ಮಷೀನನ್ನೇ ಬೇರೆಯಾಗಿ ತರಿಸಿ ಕೂರಿಸಿದೆವು. ಆನ್‌ಲೈನಿನಲ್ಲಿ ಸಿಗುತ್ತದೆ, ಒಂದು ಪೆನ್ಸಿಲ್ ಸೆಲ್ ಸಾಕು. ಕೊಳ್ಳುವಾಗ 12 ಗಂಟೆ 25 ನಿಮಿಷದ ಮಷೀನೇ ಹೌದಾ ಎಂದು ನೋಡಿಕೊಳ್ಳಿ. ಉಬ್ಬರದ ಚಿತ್ರ ಹಾಕಿ ಒಳಗೆ ಸಾದಾ ಮಷೀನು ಇಟ್ಟ ಅಲಂಕಾರದ ವಸ್ತುವೂ ಇರುತ್ತದೆ.

ಹೊಂದಿಸುವ ಕೆಲಸ ಒಂದೇ ಸಾಲಿನದು: ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದಿನ, ನಿಮ್ಮೂರಲ್ಲಿ ನೀರು ಪೂರ್ತಿ ಏರಿದ ಹೊತ್ತಿಗೆ, ಹಿಂದಿನ ಚಕ್ರ ತಿರುಗಿಸಿ ಮುಳ್ಳನ್ನು ನೆತ್ತಿಗೆ ತನ್ನಿ. ಆಯಿತು. ಕಷ್ಟ ಇರುವುದು ‘ನಿಮ್ಮೂರಲ್ಲಿ’ ಎಂಬ ಮಾತಿನಲ್ಲಿ.

ಬಂದರುಗಳ ಉಬ್ಬರದ ಹೊತ್ತು ಮೊದಲೇ ಲೆಕ್ಕ ಹಾಕಿ ಅಚ್ಚಾಗುತ್ತದೆ. ನಮ್ಮ ದೇಶದಲ್ಲಿ ಇದನ್ನು ಪ್ರತಿ ವರ್ಷ ಹೊರತರುವುದು ಸರ್ವೆ ಆಫ್ ಇಂಡಿಯಾ. ಅದರ ಕಚೇರಿ ಇರುವುದು ಕಡಲ ಗಾಳಿಯೂ ಸೋಕದ ಡೆಹ್ರಾಡೂನಿನಲ್ಲಿ ಎನ್ನುವುದು ಒಂದು ತಮಾಷೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್‌ನ ಜಾಲತಾಣದಲ್ಲೂ ಉಬ್ಬರದ ಮುನ್ಸೂಚನೆ ಸಿಗುತ್ತದೆ. ಮೊಬೈಲ್ ಆ್ಯಪ್‌ಗಳೂ ಬೇಕಾದಷ್ಟಿವೆ. ಆದರೆ ಅವೆಲ್ಲ ಕಾರವಾರ, ಮಂಗಳೂರಿನಂಥ ಬಂದರುಗಳ ಲೆಕ್ಕ. ಉಬ್ಬರ ಅಳಿವೆ ಬಾಗಿಲು ದಾಟಿ ಹೊಳೆಯೊಳಗೆ ಹತ್ತುವುದಕ್ಕೆ ಹೊತ್ತು ಹಿಡಿಯುತ್ತದೆ. ನಮ್ಮ ಹೊಳೆಯ ಬಾಯಲ್ಲಿರುವ ತದಡಿಯಲ್ಲಿ ನೀರು ಇಳಿಯಲು ಶುರುವಾದಾಗ ಮೇಲೆ ಮಿರ್ಜಾನಿನ ಕಡೆ ಇನ್ನೂ ಏರುತ್ತಿರಬಹುದು. ನಿಮ್ಮ ಮನೆ ಹೊಳೆಯ ದಂಡೆಯಲ್ಲಿದ್ದರೆ ಬಂದರಿನ ಹೊತ್ತಿಗೆ ಗಡಿಯಾರ ಇಟ್ಟು ಉಪಯೋಗವಿಲ್ಲ.

ಹಾಗಾಗಿ ಒಂದು ದಿನ ನೀರಿನ ಹತ್ತಿರ ಕೂರಬೇಕು. ಬಿದಿರಿನ ಗಳವೊಂದಕ್ಕೆ ಗೇಣುಗೇಣಿಗೆ ಬಣ್ಣದ ಗೆರೆ ಎಳೆದು ನೀರಲ್ಲಿ ಹುಗಿಯಿರಿ. ತೆರೆ ಬಡಿಯುವ ಜಾಗ ಬೇಡ, ನೀರು ತಣ್ಣಗಿರುವ ಮೂಲೆ ಹುಡುಕಿ. ಇನ್ನೊಂದು ತೊಡಕಿದೆ. ಉಬ್ಬರದ ತುದಿಯಲ್ಲಿ ನೀರು ಅರ್ಧ ಗಂಟೆ ಅಲ್ಲಾಡುವುದೇ ಇಲ್ಲ. ಸರಿಯಾದ ನೆತ್ತಿ ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ತುದಿಯನ್ನು ಹುಡುಕಬೇಡಿ. ಅದಕ್ಕಿಂತ ಸ್ವಲ್ಪ ಕೆಳಗಿನ ಒಂದು ಗೆರೆ ಹಿಡಿಯಿರಿ. ನೀರು ಏರುವಾಗ ಆ ಗೆರೆಯನ್ನು ಎಷ್ಟು ಹೊತ್ತಿಗೆ ಮುಟ್ಟಿತು, ಇಳಿಯುವಾಗ ಎಷ್ಟು ಹೊತ್ತಿಗೆ ಬಿಟ್ಟಿತು ಬರೆದುಕೊಳ್ಳಿ. ಏರುವಾಗ 11:10, ಇಳಿಯುವಾಗ 12:30 ಆದರೆ ಎರಡರ ನಡು 11:50. ಅದೇ ನಿಮ್ಮ ಉಬ್ಬರದ ಹೊತ್ತು. ಅದೇ ದಿನದ ಬಂದರಿನ ಪಟ್ಟಿಯ ಜೊತೆ ಹೋಲಿಸಿ. ಎಷ್ಟು ನಿಮಿಷ ಹೆಚ್ಚೋ ಅಷ್ಟು ನಿಮ್ಮ ಮನೆಯ ಬಾಬ್ತು. ಅದನ್ನು ಗಡಿಯಾರದ ಬೆನ್ನಿಗೆ ಬರೆದಿಡಿ. ಮುಂದಿನ ಸಲ ಸೆಲ್ ಬದಲಿಸಿದಾಗ ಗಳ ಹುಗಿಯುವ ಕೆಲಸ ತಪ್ಪುತ್ತದೆ.

ತಪ್ಪು ಕಂಡರೂ ಮುಟ್ಟಬೇಡಿ

ಹೊಂದಿಸಿದ ನಾಲ್ಕೈದು ದಿನಕ್ಕೆ ಗಡಿಯಾರ ಸುಳ್ಳು ಹೇಳಲು ಶುರುಮಾಡುತ್ತದೆ. ನೀರು ಏರಿ ಇಳಿಯತೊಡಗಿದೆ, ಮುಳ್ಳು ಇನ್ನೂ ನೆತ್ತಿ ಮುಟ್ಟಿಲ್ಲ. ಆಗ ಕೈ ತುರಿಸುತ್ತದೆ, ಒಂಚೂರು ತಿರುಗಿಸಿಬಿಡೋಣ ಅಂತ. ಬೇಡ. ಹೆಚ್ಚಿನವರು ಗಡಿಯಾರ ಹಾಳುಮಾಡಿಕೊಳ್ಳುವುದು ಇಲ್ಲೇ.

ಇದು ಸೂರ್ಯನ ಕೈವಾಡ. ಅವನೂ ಕಡಲನ್ನು ಸೆಳೆಯುತ್ತಾನೆ. ಅವನ ಬಲ ಚಂದ್ರನ ಬಲದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸೂರ್ಯನ ಉಬ್ಬರ ಸರಿಯಾಗಿ 12 ಗಂಟೆಗೊಮ್ಮೆ, ಚಂದ್ರನದು 12 ಗಂಟೆ 25 ನಿಮಿಷಕ್ಕೊಮ್ಮೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಬ್ಬರೂ ಒಟ್ಟಿಗೆ ಸೆಳೆಯುತ್ತಾರೆ, ದೊಡ್ಡ ಉಬ್ಬರ. ಅದರ ಜೋರು ಹೆಚ್ಚಾಗಿ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಕಾಣುತ್ತದೆ. ಅಷ್ಟಮಿ-ನವಮಿಯ ಹೊತ್ತಿಗೆ ಒಬ್ಬ ಏರಿಸುವಾಗ ಇನ್ನೊಬ್ಬ ಇಳಿಸುತ್ತಾನೆ, ಸಣ್ಣ ಉಬ್ಬರ. ಇವೆರಡರ ನಡುವಿನ ದಿನಗಳಲ್ಲಿ ಸೂರ್ಯನ ಉಬ್ಬರ ಚಂದ್ರನದಕ್ಕಿಂತ ಮೊದಲು ಬಂದು ಒಟ್ಟು ನೀರನ್ನು ತನ್ನ ಕಡೆ ಎಳೆಯುತ್ತದೆ. ಹಾಗಾಗಿ ಪಂಚಮಿ-ಷಷ್ಠಿಯ ಹೊತ್ತಿಗೆ ನೀರು ಗಡಿಯಾರಕ್ಕಿಂತ ಅರ್ಧ, ಮುಕ್ಕಾಲು ಗಂಟೆ ಮುಂಚೆ ಏರುತ್ತದೆ. ನವಮಿಯ ಹೊತ್ತಿಗೆ ಇಬ್ಬರೂ ಮತ್ತೆ ರಾಜಿ. ದ್ವಾದಶಿಯ ಹೊತ್ತಿಗೆ ಉಲ್ಟಾ, ನೀರು ಅಷ್ಟೇ ತಡ. ಮುಂದಿನ ಪಕ್ಷ ಶುರುವಾಗುವಾಗ ಮತ್ತೆ ಸರಿ.

ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಐವತ್ತು ನಿಮಿಷದ ವ್ಯತ್ಯಾಸ ಎಂದೆನಲ್ಲ, ಅದು ಬರೀ ಸರಾಸರಿ. ದೊಡ್ಡ ಉಬ್ಬರದ ದಿನಗಳಲ್ಲಿ ಅದು 40 ನಿಮಿಷದಷ್ಟೇ ಇರುತ್ತದೆ, ಸಣ್ಣ ಉಬ್ಬರದ ದಿನಗಳಲ್ಲಿ ಒಂದೂಕಾಲು ಗಂಟೆಗೂ ಹೋಗುತ್ತದೆ. ಗಡಿಯಾರ ಸರಾಸರಿಯನ್ನೇ ಹಿಡಿದುಕೊಂಡು ತನ್ನ ಪಾಡಿಗೆ ತಿರುಗುತ್ತದೆ. ಪಂಚಮಿಯ ದಿನ ನೋಡಿ ತಿದ್ದಿದಿರೋ, ದ್ವಾದಶಿಗೆ ತಪ್ಪು ಇಮ್ಮಡಿಯಾಗುತ್ತದೆ. ದೊಡ್ಡ ಉಬ್ಬರದ ದಿನವೇ ಹೊಂದಿಸಿ ಎನ್ನುವುದಕ್ಕೆ ಇದೇ ಕಾರಣ. ಆ ದಿನ ಸೂರ್ಯ ಅಡ್ಡ ಬರುವುದಿಲ್ಲ.

ನಮ್ಮ ಕರಾವಳಿಯ ಹಟ

ಇಷ್ಟೆಲ್ಲ ಮಾಡಿದರೂ ಕರ್ನಾಟಕದ ಕರಾವಳಿಯಲ್ಲಿ ಈ ಗಡಿಯಾರ ಇಂಗ್ಲೆಂಡಿನಲ್ಲಿ ನಡೆದಷ್ಟು ಚೆನ್ನಾಗಿ ನಡೆಯುವುದಿಲ್ಲ. ಮಾರುವವರು ಇದನ್ನು ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ.

ಅಟ್ಲಾಂಟಿಕ್ ಸಾಗರದ ಎರಡೂ ದಂಡೆಯಲ್ಲಿ ಬಹುಪಾಲು ಕಡೆ ದಿನದ ಎರಡು ಉಬ್ಬರಗಳು ಅವಳಿಗಳಂತೆ ಇರುತ್ತವೆ. ಎತ್ತರ ಹೆಚ್ಚುಕಡಿಮೆ ಒಂದೇ, ನಡುವಿನ ಅಂತರವೂ ಒಂದೇ. ಗಡಿಯಾರ ಹುಟ್ಟಿದ್ದು ಅಂಥ ದಂಡೆಗಾಗಿ. ನಮ್ಮಲ್ಲಿ ಹಾಗಲ್ಲ. ಒಂದು ದೊಡ್ಡ ಉಬ್ಬರ, ಒಂದು ಸಣ್ಣ ಉಬ್ಬರ. ಇಳಿತವೂ ಹಾಗೆಯೇ, ಒಂದರಲ್ಲಿ ದಂಡೆ ಉದ್ದಕ್ಕೂ ಬಯಲಾದರೆ ಇನ್ನೊಂದರಲ್ಲಿ ಇಳಿದಂತೆ ಮಾಡಿ ನಿಂತುಬಿಡುತ್ತದೆ. ಚಂದ್ರ ಸಮಭಾಜಕ ವೃತ್ತದ ನೇರಕ್ಕೆ ಇಲ್ಲದೆ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವಾಗ ಎರಡು ಉಬ್ಬುಗಳೂ ಓರೆಯಾಗುತ್ತವೆ. ಒಂದರ ದಪ್ಪ ಭಾಗ ನಮಗೆ ಸಿಕ್ಕರೆ ಇನ್ನೊಂದರ ಅಂಚು ಮಾತ್ರ ಸಿಗುತ್ತದೆ. ಎತ್ತರದ ಜೊತೆಗೆ ಅಂತರವೂ ಏರುಪೇರು. ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷದ ಬದಲು ಒಮ್ಮೆ ಗಿಡ್ಡ, ಒಮ್ಮೆ ಉದ್ದ. ಸೂರ್ಯನ ಕಿತಾಪತಿಯೂ ಇದಕ್ಕೆ ಕೂಡಿದ ದಿನ ಗಡಿಯಾರ ಒಂದು ಗಂಟೆಗೂ ಮೀರಿ ತಪ್ಪಬಹುದು.

ತೆಂಕಣಕ್ಕೆ ಕೊಚ್ಚಿಯ ಕಡೆ ಹೋದರೆ ಈ ಏರುಪೇರು ಇನ್ನೂ ಹೆಚ್ಚು, ನೀರಿನ ಏರಿಳಿತ ಮಾತ್ರ ಕಡಿಮೆ, ಮೀಟರಿನ ಆಸುಪಾಸು. ಬಡಗಣಕ್ಕೆ ಹೋದಂತೆ ಏರಿಳಿತ ಬೆಳೆಯುತ್ತದೆ. ಕಾರವಾರದಲ್ಲಿ ದೊಡ್ಡ ಉಬ್ಬರದ ದಿನ ಒಂದೂವರೆ ಮೀಟರಿನಷ್ಟು, ಮುಂಬಯಿಯಲ್ಲಿ ನಾಲ್ಕು ಮೀಟರಿನಷ್ಟು, ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರಿನ ಲೆಕ್ಕ. ಅಲ್ಲಿ ಅವಳಿತನವೂ ಹೆಚ್ಚು. ಮುಂಬಯಿಯಲ್ಲಿರುವ ನಮ್ಮವರ ಗೋಡೆಯ ಮೇಲೆ ಈ ಗಡಿಯಾರ ನಮಗಿಂತ ಚೆನ್ನಾಗಿ ನಡೆಯುತ್ತದೆ. ಮೆಕ್ಸಿಕೋ ಕೊಲ್ಲಿಯ ಬಹುಪಾಲು ಕಡೆ ದಿನಕ್ಕೆ ಒಂದೇ ಉಬ್ಬರ, ಅಲ್ಲಿ ಇದು ಗೋಡೆಗೆ ಅಂದ ಮಾತ್ರ.

ಹಾಗಾದರೆ ಬಂದರಿನ ಪಟ್ಟಿ ಹೇಗೆ ನಿಮಿಷದ ಲೆಕ್ಕದಲ್ಲಿ ಹೇಳುತ್ತದೆ? ಅದರಲ್ಲಿ ಒಂದಲ್ಲ, ಹತ್ತಾರು ಗಡಿಯಾರ ಸೇರಿವೆ. ಬ್ರಿಟಿಷ್ ವಿಜ್ಞಾನಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, 1870ರ ದಶಕದಲ್ಲಿ ಉಬ್ಬರ ಲೆಕ್ಕ ಹಾಕುವ ಯಂತ್ರ ಮಾಡಿಸಿದ. ಚಂದ್ರನಿಗೊಂದು ಚಕ್ರ, ಸೂರ್ಯನಿಗೊಂದು, ಚಂದ್ರ ಹತ್ತಿರ ದೂರ ಆಗುವುದಕ್ಕೊಂದು, ಉತ್ತರ ದಕ್ಷಿಣ ಸರಿಯುವುದಕ್ಕೊಂದು. ಒಂದೇ ಹಗ್ಗ ಎಲ್ಲ ಚಕ್ರಗಳ ಮೇಲೂ ಹಾದು, ಅವುಗಳ ಏರಿಳಿತವನ್ನು ಕೂಡಿಸಿ, ಕೊನೆಯಲ್ಲಿದ್ದ ಲೇಖನಿ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಎಡ್ವರ್ಡ್ ರಾಬರ್ಟ್ಸ್ ವಿನ್ಯಾಸ ಮಾಡಿದ ಇಂಥದ್ದೇ ಯಂತ್ರ 1879ರಲ್ಲಿ ತಯಾರಾಗಿದ್ದು ಭಾರತದ ಬಂದರುಗಳಿಗಾಗಿಯೇ. ಈಗ ಆ ಕೂಡಿಸುವ ಕೆಲಸ ಕಂಪ್ಯೂಟರಿನದು, ಲೆಕ್ಕದ ದಾರಿ ಅದೇ. ನಮ್ಮ ಗೋಡೆಯ ಗಡಿಯಾರ ಆ ದೊಡ್ಡ ಯಂತ್ರದಿಂದ ಒಂದೇ ಒಂದು ಚಕ್ರ ಕಿತ್ತು ತಂದಂತೆ. ಚಂದ್ರನ ಚಕ್ರ. ಅದರಿಂದ ಅಷ್ಟನ್ನೇ ಬಯಸಬೇಕು.

ಕೊಳ್ಳದೆಯೂ ಆಗುತ್ತದೆ

ಈಗ ಅಜ್ಜಿಯ ತಿಥಿಯ ವಿಷಯ. ಗಡಿಯಾರಕ್ಕೆ ತಿಥಿ ಗೊತ್ತಿಲ್ಲ, ತಿಥಿಗೆ ಗಡಿಯಾರ ಗೊತ್ತು. ನಿಮ್ಮೂರಲ್ಲಿ ಅಮಾವಾಸ್ಯೆ ಅಥವಾ ಹುಣ್ಣಿಮೆಯ ದಿನ ಉಬ್ಬರ ಎಷ್ಟು ಹೊತ್ತಿಗೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ. ಉದಾಹರಣೆಗೆ ಬೆಳಿಗ್ಗೆ 11 ಎನ್ನೋಣ. ಪಂಚಮಿಗೆ ಐದು ಮುಹೂರ್ತ ಕೂಡಿಸಿ. ಐದು ನಲವತ್ತೆಂಟು 240 ನಿಮಿಷ, ಅಂದರೆ ನಾಲ್ಕು ಗಂಟೆ. ಮಧ್ಯಾಹ್ನ 3ಕ್ಕೆ ಉಬ್ಬರ. ದಶಮಿಗೆ ಎಂಟು ಗಂಟೆ ಕೂಡಿಸಿ, ಸಂಜೆ 7. ಆ ದಿನದ ಇನ್ನೊಂದು ಉಬ್ಬರ ಅದಕ್ಕಿಂತ 12 ಗಂಟೆ 25 ನಿಮಿಷ ಹಿಂದೆ, ಬೆಳಿಗ್ಗೆ ಆರೂವರೆಯ ಸುಮಾರಿಗೆ. ಹದಿನೈದನೆಯ ತಿಥಿಗೆ 12 ಗಂಟೆ ಕೂಡಿ ಮತ್ತೆ ಹನ್ನೊಂದಕ್ಕೇ ಬಂದು ನಿಲ್ಲುತ್ತದೆ. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಹನ್ನೆರಡರ ಆಸುಪಾಸು ಬೀಳುವುದರಿಂದ ಅಲ್ಲಿ ಲೆಕ್ಕ ಇನ್ನೂ ಸಲೀಸು. ತಿಥಿಯ ಮುಕ್ಕಾಲು ಎಷ್ಟೋ ಅಷ್ಟು ಗಂಟೆಗೆ ಉಬ್ಬರ ಎನ್ನುವ ಸುಲಭ ಲೆಕ್ಕ ಆ ಕಡೆಯ ಕರಾವಳಿಯಲ್ಲಿ ಇದೆ. ಮುಕ್ಕಾಲು ಗಂಟೆಗೂ ಮುಹೂರ್ತಕ್ಕೂ ಮೂರೇ ನಿಮಿಷ ವ್ಯತ್ಯಾಸ.

ಗಡಿಯಾರವೇ ಬೇಕು, ಆದರೆ ದುಡ್ಡು ಹಾಕುವ ಮನಸ್ಸಿಲ್ಲ ಎಂದಾದರೆ ಅಟ್ಟದ ಮೇಲಿನ ಹಳೆಯ ಗೋಡೆ ಗಡಿಯಾರ ಇಳಿಸಿ. ನಿಮಿಷದ ಮುಳ್ಳನ್ನು ಮರೆತುಬಿಡಿ, ಗಂಟೆ ಮುಳ್ಳನ್ನಷ್ಟೇ ನೋಡಿ. 12 ಅಂದರೆ ಉಬ್ಬರ, 6 ಅಂದರೆ ಇಳಿತ. ಉಬ್ಬರದ ಹೊತ್ತಿಗೆ 12ಕ್ಕೆ ಇಟ್ಟು, ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಐವತ್ತು ನಿಮಿಷ ಹಿಂದಕ್ಕೆ ತಿರುಗಿಸಿ. ಇಷ್ಟೇ. ಅಂಗಡಿಯ ಗಡಿಯಾರ ಮಾಡುವುದೂ ಇದನ್ನೇ, ಒಂದೇ ಸಲಕ್ಕಲ್ಲ, ಇಡೀ ದಿನ ಚೂರುಚೂರಾಗಿ.

ಲೋಲಕದ ಗಡಿಯಾರ ಇದ್ದವರಿಗೆ ಇನ್ನೊಂದು ಹುಚ್ಚು ದಾರಿ ಇದೆ. ಲೋಲಕ ಉದ್ದವಾದರೆ ಗಡಿಯಾರ ನಿಧಾನ ಆಗುತ್ತದೆ. 12 ಗಂಟೆಯ ಸುತ್ತನ್ನು 12 ಗಂಟೆ 25 ನಿಮಿಷಕ್ಕೆ ಎಳೆಯಲು ಉದ್ದ ನೂರಕ್ಕೆ ಏಳು ಪಾಲು ಹೆಚ್ಚಬೇಕು. 25 ಸೆಂಟಿಮೀಟರಿನ ಲೋಲಕಕ್ಕೆ ಇನ್ನೊಂದು ಮುಕ್ಕಾಲು ಸೆಂಟಿಮೀಟರ್ ಕೂಡಿಸಿದರೆ ಸಾಲದು, ಹತ್ತಿರ ಹತ್ತಿರ ಎರಡು ಬೇಕು. ಬುಡದ ತಿರುಪು ಸಾಮಾನ್ಯವಾಗಿ ಅಷ್ಟು ಇಳಿಯುವುದಿಲ್ಲ, ಸರಳನ್ನೇ ಬದಲಿಸಬೇಕು. ನಾನು ಮಾಡಿ ನೋಡಿಲ್ಲ. ಅಪ್ಪ ಇರುವವರೆಗೆ ನಮ್ಮ ಮನೆಯ ಲೋಲಕದ ಗಡಿಯಾರ ಮುಟ್ಟುವ ಧೈರ್ಯ ಇಲ್ಲ.

ಗಡಿಯಾರ ಹೇಳದ್ದು

ಉಬ್ಬರದ ಗಡಿಯಾರ ‘ಯಾವಾಗ’ ಎನ್ನುತ್ತದೆ, ‘ಎಷ್ಟು’ ಎನ್ನುವುದಿಲ್ಲ. ಹುಣ್ಣಿಮೆಯ ಉಬ್ಬರಕ್ಕೂ ನವಮಿಯ ಉಬ್ಬರಕ್ಕೂ ಮುಳ್ಳು ನಿಲ್ಲುವುದು ಅದೇ ನೆತ್ತಿಯಲ್ಲಿ. ಗಾಳಿಯೂ ಅದಕ್ಕೆ ಗೊತ್ತಿಲ್ಲ. ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ಇಲ್ಲಿ ಬಿಸಿಲು ಕಾಯುತ್ತಿರುವ ದಿನವೇ ದಂಡೆಗೆ ನುಗ್ಗುವುದುಂಟು. ಕೇರಳದವರು ಅದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಅಂಥ ಎಚ್ಚರಿಕೆ ಇನ್‌ಕಾಯಿಸ್‌ನಿಂದ ಬರುತ್ತದೆ, ಗೋಡೆಯಿಂದಲ್ಲ. ಕಡಲಿಗೆ ಇಳಿಯುವುದೋ ಬಿಡುವುದೋ ಎಂದು ಮುಳ್ಳು ನೋಡಿ ತೀರ್ಮಾನಿಸಬೇಡಿ. ದೋಣಿ ಹೊರಡಿಸುವುದಕ್ಕಂತೂ ಅಚ್ಚಾದ ಪಟ್ಟಿಯೇ ಆಗಬೇಕು.

ಮಳೆಗಾಲದಲ್ಲಿ ನಾನು ನಮ್ಮ ಗಡಿಯಾರದ ಸೆಲ್ಲನ್ನೇ ತೆಗೆದಿಡುತ್ತೇನೆ. ಘಟ್ಟದ ಮೇಲೆ ಮಳೆ ಸುರಿದರೆ ಹೊಳೆಯ ನೀರು ಕೆಳಗೆ ನೂಕುತ್ತದೆ, ಇಳಿತದ ಹೊತ್ತಿಗೂ ದಂಡೆ ತುಂಬಿಯೇ ಇರುತ್ತದೆ. ಮುಳ್ಳು ಹೇಳುವುದಕ್ಕೂ ಹೊಳೆ ಮಾಡುವುದಕ್ಕೂ ತಾಳಮೇಳ ಇರುವುದಿಲ್ಲ. ಉಪ್ಪುಗಾಳಿಗೆ ಸೆಲ್ಲಿನ ತಗಡು ಹಸಿರು ಕಟ್ಟುವುದೂ ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ರಜೆ. ಗಡಿಯಾರಕ್ಕೂ ರಜೆ ಇರಲಿ. ಮರದ ಪಟ್ಟಿಗೆ ಬೂಷ್ಟು ಹಿಡಿಯದಂತೆ ಒರೆಸಿ, ಬೆನ್ನಿಗೆ ಬರೆದ ನಿಮಿಷದ ಲೆಕ್ಕ ಅಳಿಸಿಲ್ಲ ತಾನೇ ಎಂದು ನೋಡಿ ಕಪಾಟಿನಲ್ಲಿ ಇಡುತ್ತೇನೆ.

ಮತ್ತೆ ತೂಗುಹಾಕುವುದು ನೂಲ ಹುಣ್ಣಿಮೆಗೆ. ಆ ದಿನ ಮೀನುಗಾರರು ಕಡಲಿಗೆ ಪೂಜೆ ಮಾಡಿ ತೆಂಗಿನಕಾಯಿ ಬಿಡುತ್ತಾರೆ. ಶ್ರಾವಣದ ಹುಣ್ಣಿಮೆ ಆದ್ದರಿಂದ ದೊಡ್ಡ ಉಬ್ಬರದ ದಿನವೂ ಹೌದು. ಹೊಸ ಸೆಲ್ ಹಾಕಿ, ನೀರು ನಮ್ಮ ಗಳದ ಮೇಲಿನ ಕೆಂಪು ಗೆರೆ ಮುಟ್ಟಿ ಇಳಿಯುವವರೆಗೆ ಕಾದು, ನಡುವಿನ ಹೊತ್ತು ಲೆಕ್ಕ ಹಾಕಿ ಮುಳ್ಳು ತಿರುಗಿಸುತ್ತೇನೆ. ಹೋದ ವರ್ಷ ಅಪ್ಪನೂ ದಂಡೆಗೆ ಬಂದು ಕೂತಿದ್ದರು. ಕೈಗಡಿಯಾರ ನೋಡಿ, ‘ಈಗ ಹನ್ನೊಂದೂಮುಕ್ಕಾಲು. ನಿನ್ನ ಗಡಿಯಾರದಲ್ಲಿ ಎಷ್ಟು?’ ಎಂದು ಕೇಳಿದರು.